ಬಾಯಲ್ಲಿ ಕರುಮೆನ್ನುವ ಗೋಪುರ

ಮದುವೆಯ ಊಟದಲ್ಲಿ ಎಷ್ಟು ಬಗೆಯ ಭಕ್ಷ್ಯಗಳಿದ್ದರೂ, ಅವುಗಳ ನಡುವೆ ಒಂದಕ್ಕೆ ಮಾತ್ರ ವಿಶೇಷವಾದ ಸ್ಥಾನವಿರುತ್ತದೆ. ಅದು ಎಲೆಗೆ ಬಿದ್ದ ಹೊರತು ಮದುವೆಯೂಟವಾಯಿತೆಂದು ಯಾರೂ ಒಪ್ಪುವುದಿಲ್ಲ. ನಮ್ಮಲ್ಲಿ ಕೆಲವು ಸೀಮೆಯವರಿಗೆ ಚಿರೋಟಿ, ಕೆಲವರಿಗೆ ಹೋಳಿಗೆ, ಇನ್ನು ಕೆಲವರಿಗೆ ಲಾಡು ಅಂಥ ಭಕ್ಷ್ಯ. ಇಂಗ್ಲಿಷರಿಗೆ ಅದು ಕೇಕು. ಒಂದರ ಮೇಲೊಂದು ಅಂತಸ್ತಾಗಿ ನಿಂತ, ಬಿಳಿಯ ಸಕ್ಕರೆಯ ಹೊದಿಕೆ ಹೊದ್ದ ಆ ಕೇಕನ್ನು ಚಲಚ್ಚಿತ್ರಗಳಲ್ಲಿ ನೀವು ನೋಡಿಯೇ ಇದ್ದೀರಿ. ಅದನ್ನು ನೋಡಿ ನೋಡಿ, ಪಾಶ್ಚಾತ್ಯರ ಮದುವೆಗಳಲ್ಲೆಲ್ಲ ಇದೇ ಕೇಕು ಇರುವುದೆಂದು ನಾವು ಭಾವಿಸಿಬಿಟ್ಟಿದ್ದೇವೆ. ಆದರೆ ಇಂಗ್ಲೆಂಡಿನಿಂದ ಇಪ್ಪತ್ತೊಂದು ಮೈಲಿ ಅಗಲದ ಕಡಲನ್ನು ದಾಟಿ ಫ್ರಾನ್ಸಿಗೆ ಕಾಲಿಟ್ಟರೆ ಸಂಗತಿಯೇ ಬೇರೆ. ಅಲ್ಲಿ ಬಹುಕಾಲದಿಂದ ಮದುವೆಯ ಮನೆಯ ಗೌರವವನ್ನು ಹೊತ್ತು ನಿಂತಿರುವುದು ಕೇಕಲ್ಲ, ಒಂದು ಗೋಪುರ. ನಿಂಬೆಯ ಹಣ್ಣಿಗಿಂತ ತುಸು ದೊಡ್ಡವಾದ, ಒಳಗೆ ಕೆನೆ ತುಂಬಿದ ಉಂಡೆಗಳನ್ನು ಸಕ್ಕರೆಯ ಪಾಕದಿಂದ ಒಂದಕ್ಕೊಂದು ಅಂಟಿಸಿ ಎತ್ತಿದ ಗೋಪುರ. ಅದರ ಹೆಸರು ಕ್ರೊಕಾಂಬೂಶ್.

ಇಂದು ನಮ್ಮ ಮಕ್ಕಳೂ ಬಂಧುಗಳೂ ದೂರ ದೇಶಗಳಲ್ಲಿ ನೆಲಸಿದ್ದಾರೆ. ಅಲ್ಲಿಯ ಕುಟುಂಬಗಳೊಡನೆ ಸಂಬಂಧಗಳೂ ಬೆಳೆಯುತ್ತಿವೆ. ಕೇಕಿಗೆ ಬದಲಾಗಿ ಈ ಗೋಪುರವನ್ನು ಇಡಿಸೋಣವೇ ಎಂಬ ಪ್ರಶ್ನೆ ನಿಮ್ಮ ಮನೆಯ ಬಾಗಿಲಿಗೂ ಒಂದು ದಿನ ಬರಬಹುದು. ಬಾರದಿದ್ದರೂ ನಷ್ಟವಿಲ್ಲ. ಒಂದು ಜನಾಂಗವು ತನ್ನ ಸಂತೋಷದ ದಿನಕ್ಕೆ ಯಾವ ತಿನಿಸನ್ನು, ಏಕೆ ಆರಿಸಿಕೊಂಡಿತೆಂಬುದನ್ನು ತಿಳಿಯುವುದರಲ್ಲಿಯೂ ಒಂದು ಸೊಗಸುಂಟು.

ಮೊದಲು ಹೆಸರನ್ನೇ ವಿಚಾರಿಸೋಣ. ಫ್ರೆಂಚ್ ಭಾಷೆಯಲ್ಲಿ ‘ಕ್ರೋಕ್’ ಎಂದರೆ ಕರುಮ್ಮೆಂದು ಕಡಿಯುವುದು. ‘ಆಂ’ ಎಂಬುದು ನಮ್ಮ ‘ಅಲ್ಲಿ’ ಎಂಬ ಸಪ್ತಮಿಯ ಕೆಲಸ ಮಾಡುವ ಶಬ್ದ. ‘ಬೂಶ್’ ಎಂದರೆ ಬಾಯಿ. ಮೂರನ್ನೂ ಕೂಡಿಸಿದರೆ ‘ಬಾಯಲ್ಲಿ ಕರುಮೆನ್ನುವುದು’ ಎಂದಾಯಿತು. ಕಡಿಯುವಾಗ ಹುಟ್ಟುವ ಸದ್ದೇ ಅಲ್ಲಿ ಕ್ರಿಯಾಪದವಾಗಿದೆ. ನಮ್ಮ ವ್ಯಾಕರಣದಲ್ಲಿ ಅನುಕರಣಾವ್ಯಯವೆನ್ನುತ್ತೇವಲ್ಲ, ಆ ಜಾತಿಯ ಶಬ್ದ ಇದರ ಮೂಲ. ಹಾಗಾಗಿ ಇದು ಅನ್ವರ್ಥನಾಮ. ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಿ. ಗೋಪುರವನ್ನು ಆರಿಸಬೇಕೇ ಬೇಡವೇ ಎಂಬ ಪ್ರಶ್ನೆಗೆ ಉತ್ತರ ಈ ಹೆಸರಿನೊಳಗೇ ಅಡಗಿದೆ. ಅತಿಥಿಯ ಬಾಯಲ್ಲಿ ಅದು ಕರುಮೆನ್ನಬೇಕು. ಎನ್ನದಿದ್ದರೆ ಎಷ್ಟು ಎತ್ತರ ನಿಂತಿದ್ದರೂ ಅದು ಹೆಸರಿಗೆ ತಕ್ಕ ಭಕ್ಷ್ಯವಲ್ಲ.

ಈ ಹೆಸರು 1806ರಲ್ಲಿ ವಿಯಾರ್ ಎಂಬುವನು ಬರೆದ ಪಾಕಗ್ರಂಥದಲ್ಲಿಯೇ ಕಾಣಿಸಿಕೊಳ್ಳುತ್ತದೆ. ಆದರೂ ಇದರ ಕೀರ್ತಿಯನ್ನೆಲ್ಲ ಜನರು ಕಟ್ಟಿರುವುದು ಆಂತೊನ್ಯಾಂ ಕರೇಮ್ ಎಂಬ ಬಾಣಸಿಗನಿಗೆ. ಪ್ಯಾರಿಸಿನ ಕಡುಬಡ ಸಂಸಾರದಲ್ಲಿ ಹುಟ್ಟಿದ ಈತ ಫ್ರಾನ್ಸಿನ ಮಹಾಕ್ರಾಂತಿಯ ದಿನಗಳಲ್ಲಿ, ಇನ್ನೂ ಬಾಲಕನಾಗಿರುವಾಗಲೇ, ಮನೆಯಿಂದ ಹೊರಬಿದ್ದು ಅಡಿಗೆಯ ಮನೆಯೊಂದನ್ನು ಸೇರಿದನು. ಮುಂದೆ ಬೈಯಿ ಎಂಬ ಮಿಠಾಯಿಗಾರನ ಅಂಗಡಿಯಲ್ಲಿ ಕೆಲಸಕ್ಕಿದ್ದಾಗ, ಬಿಡುವು ಮಾಡಿಕೊಂಡು ರಾಷ್ಟ್ರೀಯ ಗ್ರಂಥಾಲಯಕ್ಕೆ ಹೋಗಿ, ಅಲ್ಲಿದ್ದ ಹಳೆಯ ದೇವಾಲಯಗಳ, ಗೋಪುರಗಳ, ಮಂಟಪಗಳ ಚಿತ್ರಗಳನ್ನು ನೋಡಿ ಬರೆದುಕೊಂಡು ಬರುತ್ತಿದ್ದನಂತೆ. ಅನಂತರ ಅವೇ ಆಕೃತಿಗಳನ್ನು ಸಕ್ಕರೆಯಲ್ಲಿಯೂ ಹಿಟ್ಟಿನಲ್ಲಿಯೂ ಕಟ್ಟಿ ದೊಡ್ಡವರ ಔತಣದ ಮೇಜುಗಳ ನಡುವೆ ನಿಲ್ಲಿಸಿದನು. ಇಂಥ ಕಟ್ಟಡದ ತಿನಿಸಿಗೆ ಫ್ರೆಂಚರು ‘ಪಿಯೆಸ್ ಮೋಂತೆ’ ಎನ್ನುತ್ತಾರೆ. ‘ಜೋಡಿಸಿ ನಿಲ್ಲಿಸಿದ್ದು’ ಎಂದು ಅರ್ಥ ಹೇಳಬಹುದು. 1815ರಲ್ಲಿ ಕರೇಮನು ಪ್ರಕಟಿಸಿದ ಗ್ರಂಥದಲ್ಲಿ ಕ್ರೊಕಾಂಬೂಶ್ ಮಾಡುವ ವಿಧಾನಗಳಿವೆ. ಆ ಶತಮಾನದಲ್ಲಿ ಉಂಡೆಗಳೇ ಆಗಬೇಕೆಂಬ ನಿಯಮವಿರಲಿಲ್ಲ. ಕಿತ್ತಳೆಯ ತೊಳೆಗಳನ್ನು ಪಾಕದಲ್ಲಿ ಅದ್ದಿ ಅಚ್ಚಿನೊಳಗೆ ಸಾಲಾಗಿ ಜೋಡಿಸಿ ನಿಲ್ಲಿಸುತ್ತಿದ್ದುದೂ ಉಂಟು. ಕಾಲ ಕಳೆದಂತೆ ಕೆನೆ ತುಂಬಿದ ಉಂಡೆಯೇ ಉಳಿದುಕೊಂಡಿತು. ಅರಮನೆಯ ಮೇಜಿನಿಂದ ಇಳಿದು ಸಾಮಾನ್ಯ ಗೃಹಸ್ಥರ ಮದುವೆಗೂ, ಮಕ್ಕಳ ನಾಮಕರಣದ ದೀಕ್ಷಾಸ್ನಾನಕ್ಕೂ ಬಂದು ಸೇರಿತು.

ಇನ್ನು ಉಂಡೆಯ ವಿಷಯ. ಫ್ರೆಂಚರು ಇದನ್ನು ‘ಶೂ’ ಎನ್ನುತ್ತಾರೆ. ಇದು ನಮ್ಮ ಕಾಲಿನ ಶೂ ಅಲ್ಲ. ಅವರ ಭಾಷೆಯಲ್ಲಿ ‘ಶೂ’ ಎಂದರೆ ಎಲೆಕೋಸು. ಬೆಂದ ಉಂಡೆಯ ಮೈ ಬಿರಿದು ಪುಟ್ಟ ಕೋಸಿನ ಹಾಗೆ ಕಾಣುವುದರಿಂದ ಈ ಹೆಸರು. ಪ್ರೀತಿಪಾತ್ರರನ್ನು ‘ನನ್ನ ಪುಟ್ಟ ಕೋಸೇ’ ಎಂದು ಕರೆಯುವ ವಾಡಿಕೆಯೂ ಆ ನಾಡಿನಲ್ಲಿದೆ. ಆದುದರಿಂದ ಮದುವೆಯ ಮನೆಗೆ ಈ ಹೆಸರು ಒಪ್ಪುತ್ತದೆ. ನಮ್ಮ ಬೇಕರಿಗಳಲ್ಲಿ ಸಿಕ್ಕುವ ಪದರ ಪದರವಾದ ಖಾರದ ಪಫ್‌ಗೂ ಇದಕ್ಕೂ ಸಂಬಂಧವಿಲ್ಲ. ಇದಕ್ಕೆ ಪದರಗಳಿಲ್ಲ, ಒಳಗೆಲ್ಲ ಟೊಳ್ಳು. ಸೌಕರ್ಯಕ್ಕಾಗಿ ನಾವು ಇದನ್ನು ‘ಉಬ್ಬುಂಡೆ’ ಎಂದು ಕರೆಯೋಣ.

ಉಬ್ಬುಂಡೆಗೆ ಹುಳಿಹಿಟ್ಟನ್ನಾಗಲಿ ಸೋಡವನ್ನಾಗಲಿ ಬೆರಸುವುದಿಲ್ಲ. ಹಾಗಾದರೆ ಅದು ಉಬ್ಬುವುದು ಹೇಗೆ? ಬಾಣಲೆಯಲ್ಲಿ ಪೂರಿ ಉಬ್ಬುವುದನ್ನು ನೋಡಿದವರಿಗೆ ಉತ್ತರ ಹೊಳೆಯದಿರದು. ಹಿಟ್ಟಿನಲ್ಲಿರುವ ನೀರು ಆವಿಯಾಗಿ ಹೊರಬರಲು ದಾರಿ ಕಾಣದೆ ಒಳಗಿನಿಂದ ನೂಕುತ್ತದೆ. ಹೊರಮೈ ಬಲೂನಿನಂತೆ ಉಬ್ಬುತ್ತದೆ. ಇಷ್ಟು ಆವಿ ಹುಟ್ಟಬೇಕಾದರೆ ಹಿಟ್ಟಿನಲ್ಲಿ ನೀರು ಬಹಳವಾಗಿರಬೇಕು. ಬಹಳ ನೀರು ಹಾಕಿದರೆ ಹಿಟ್ಟು ಅಂಬಲಿಯಾಗುವುದಲ್ಲವೇ ಎನ್ನುವಿರಿ. ಅದಕ್ಕೆ ಫ್ರೆಂಚರು ಮಾಡಿಕೊಂಡ ಉಪಾಯ ನಮ್ಮ ಗೃಹಿಣಿಯರಿಗೆ ಹೊಸದೇನಲ್ಲ. ಕಡುಬಿಗೆ ಅಕ್ಕಿಯ ಹಿಟ್ಟನ್ನು ಕುದಿಯುವ ನೀರಿಗೆ ಹಾಕಿ ಒಲೆಯ ಮೇಲೆಯೇ ತೊಳಸಿ ಮುದ್ದೆ ಮಾಡಿಕೊಳ್ಳುವುದಿಲ್ಲವೇ? ಅದೇ ಕ್ರಮ. ಕಾದ ನೀರಿನಲ್ಲಿ ಹಿಟ್ಟಿನ ಪಿಷ್ಟವು ಅರಳಿ, ತಣ್ಣೀರಿನಲ್ಲಿ ಕುಡಿಯುವುದಕ್ಕಿಂತ ಎಷ್ಟೋ ಹೆಚ್ಚು ನೀರನ್ನು ಕುಡಿದು ಹಿಡಿದಿಟ್ಟುಕೊಳ್ಳುತ್ತದೆ.

ಪ್ರಮಾಣವನ್ನೂ ಹೇಳುತ್ತೇನೆ. ಕಾಲು ಲೀಟರ್ ನೀರಿಗೆ 100 ಗ್ರಾಂ ಬೆಣ್ಣೆ, ಒಂದು ಚಿಟಿಕೆ ಉಪ್ಪು ಹಾಕಿ ಕುದಿಸಬೇಕು. 150 ಗ್ರಾಂ ಮೈದಾಹಿಟ್ಟನ್ನು ಒಂದೇ ಸಲಕ್ಕೆ ಸುರಿದು, ಮುದ್ದೆ ಪಾತ್ರೆಯ ಬದಿಯನ್ನು ಬಿಡುವವರೆಗೆ ಸಣ್ಣ ಉರಿಯಲ್ಲಿ ತೊಳಸಬೇಕು. ಕೆಳಗಿಳಿಸಿ, ಬಿಸಿ ಸ್ವಲ್ಪ ಆರಿದ ಮೇಲೆ, ನಾಲ್ಕು ಮೊಟ್ಟೆಗಳನ್ನು ಒಂದೊಂದಾಗಿ ಒಡೆದು ಸೇರಿಸಿ ನಾದಬೇಕು. ಬಿಸಿ ಆರುವ ಮೊದಲೇ ಅವಸರಪಟ್ಟರೆ ಮೊಟ್ಟೆ ಅಲ್ಲಿಯೇ ಬೆಂದು ಗಂಟುಗಟ್ಟುತ್ತದೆ. ಸೌಟನ್ನೆತ್ತಿದಾಗ ಹಿಟ್ಟು ಹರಿದು ಹೋಗದೆ, ಮುದ್ದೆಯಾಗಿಯೂ ನಿಲ್ಲದೆ, ನಿಧಾನವಾಗಿ ಜಾರಿ ಬಿದ್ದರೆ ಹದವಾಯಿತೆಂದು ತಿಳಿಯಬೇಕು. ಆಮೇಲೆ ಇದನ್ನು ಬಟ್ಟೆಯ ಚೀಲದಿಂದ ತಗಡಿನ ಮೇಲೆ ಪುಟ್ಟ ಪುಟ್ಟ ಗುಪ್ಪೆಗಳಾಗಿ ಹಿಂಡಿ, ಸುಮಾರು 200 ಡಿಗ್ರಿ ಸೆಂಟಿಗ್ರೇಡ್ ಶಾಖದ ಒಲೆಯಲ್ಲಿ ಬೇಯಿಸುತ್ತಾರೆ. ಮೊದಲ ಇಪ್ಪತ್ತು ನಿಮಿಷ ಒಲೆಯ ಬಾಗಿಲನ್ನು ತೆರೆಯಕೂಡದು. ಗೋಡೆ ಗಟ್ಟಿಯಾಗುವ ಮೊದಲೇ ಆವಿ ತಣಿದರೆ ಉಬ್ಬುಂಡೆ ಕುಸಿಯುತ್ತದೆ. ಕುಸಿದದ್ದು ಮತ್ತೆ ಏಳುವುದಿಲ್ಲ. ಬೆಂದ ಮೇಲೆ ತಳದಲ್ಲಿ ಒಂದು ತೂತು ಮಾಡಿ ಒಳಗಿನ ಆವಿಯನ್ನು ಬಿಟ್ಟು ಒಣಗಿಸುತ್ತಾರೆ. ತಣಿದ ಬಳಿಕ ಅದೇ ತೂತಿನಿಂದ ಕೆನೆ ತುಂಬುತ್ತಾರೆ. ಹಾಲು, ಸಕ್ಕರೆ, ಮೊಟ್ಟೆಯ ಹಳದಿ, ಸ್ವಲ್ಪ ಹಿಟ್ಟು, ವೆನಿಲಾ ಇವುಗಳನ್ನು ಕಾಯಿಸಿ ಮಾಡಿದ ಗಟ್ಟಿ ಕಸ್ಟರ್ಡ್ ಅದು.

ಇಲ್ಲಿ ಒಂದು ಮಾತು. ಹಿಟ್ಟಿನಲ್ಲಿಯೂ ಕೆನೆಯಲ್ಲಿಯೂ ಮೊಟ್ಟೆ ಸೇರುವುದರಿಂದ ನಮ್ಮಲ್ಲಿ ಅನೇಕ ಮನೆಗಳಲ್ಲಿ ಇದನ್ನು ಬಡಿಸುವ ಹಾಗಿಲ್ಲ. ಉಂಡೆ ಎತ್ತರಕ್ಕೆ ಉಬ್ಬಿ ಕುಸಿಯದೆ ನಿಲ್ಲುವುದು ಬಹುಮಟ್ಟಿಗೆ ಮೊಟ್ಟೆಯ ಬಲದಿಂದಲೇ. ಎರಡು ಕಡೆಯ ಬಂಧುಗಳು ಕೂಡುವ ಮದುವೆಯಲ್ಲಿ ಈ ವಿಚಾರವನ್ನು ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು. ತಿನ್ನಲಾರದ ಹಿರಿಯರಿಗೆ ಬೇರೆ ಸಿಹಿಯೊಂದನ್ನು ಜೊತೆಯಲ್ಲಿಯೇ ಇಡಿಸಬೇಕು.

ಇಷ್ಟಾದ ಮೇಲೆ ಗೋಪುರ ಕಟ್ಟುವ ಕೆಲಸ. ಇಲ್ಲಿ ಗಾರೆಯ ಕೆಲಸ ಮಾಡುವುದು ಪಾಕ. ನಮ್ಮ ಅಡಿಗೆಯವರು ಎಳೆಪಾಕ, ಉಂಡೆಪಾಕಗಳನ್ನು ಬಲ್ಲರು. ಇದು ಅವೆರಡನ್ನೂ ದಾಟಿ ಮುಂದೆ ಹೋದ ಪಾಕ. ನೀರೆಲ್ಲ ಇಂಗಿ, ಶಾಖ ಸುಮಾರು 170 ಡಿಗ್ರಿಗೆ ಏರಿ, ಸಕ್ಕರೆ ಜೇನಿನ ಬಣ್ಣಕ್ಕೆ ತಿರುಗಿದಾಗ ಅದನ್ನು ಕ್ಯಾರಮೆಲ್ ಎನ್ನುತ್ತಾರೆ. ಆರಿದ ಕೂಡಲೇ ಅದು ಗಾಜಿನಂತೆ ಗಟ್ಟಿಯಾಗುತ್ತದೆ. ಒಂದೊಂದು ಉಬ್ಬುಂಡೆಯನ್ನೂ ಇದರಲ್ಲಿ ಅದ್ದಿ, ವೃತ್ತಾಕಾರವಾಗಿ ಸಾಲಿಟ್ಟು, ಸಾಲಿನ ಮೇಲೆ ಸಾಲು ಏರಿಸುತ್ತಾರೆ. ತಳಕ್ಕೆ ಬಾದಾಮಿಯ ಚೂರುಗಳನ್ನು ಇದೇ ಪಾಕದಲ್ಲಿ ಬೆರಸಿ ಲಟ್ಟಿಸಿದ ‘ನೂಗತೀನ್’ ಎಂಬ ಗಟ್ಟಿ ಹಲಗೆಯನ್ನು ಕೊಡುವುದುಂಟು. ಅಲ್ಲಲ್ಲಿ ಸಕ್ಕರೆ ಹೊದಿಸಿದ ಬಾದಾಮಿಗಳನ್ನು ಸಿಕ್ಕಿಸಿ, ಪಾಕವನ್ನು ಕೂದಲೆಳೆಯಂತೆ ಎಳೆದು ಸುತ್ತಲೂ ಸುತ್ತಿ, ತುದಿಯಲ್ಲಿ ವಧೂವರರ ಗೊಂಬೆಗಳನ್ನು ನಿಲ್ಲಿಸಿದರೆ ಗೋಪುರ ಮುಗಿಯಿತು.

ಕುದಿಯುವ ನೀರಿನ ಶಾಖ 100 ಡಿಗ್ರಿ. ಇದರದು ಅದಕ್ಕಿಂತ 70 ಡಿಗ್ರಿ ಹೆಚ್ಚು. ನೀರು ಬಿದ್ದರೆ ಜಾರಿಹೋಗುತ್ತದೆ. ಇದು ಚರ್ಮಕ್ಕೆ ಅಂಟಿಕೊಂಡು ಸುಡುತ್ತದೆ. ಆದುದರಿಂದ ಬಲ್ಲವರು ಪಕ್ಕದಲ್ಲಿ ತಣ್ಣೀರಿನ ಬೋಗುಣಿಯನ್ನಿಟ್ಟುಕೊಳ್ಳದೆ ಈ ಕೆಲಸಕ್ಕೆ ಕೈಹಾಕುವುದಿಲ್ಲ. ಮಕ್ಕಳು ಓಡಾಡುವ ಮದುವೆಯ ಮನೆಯ ಅಡಿಗೆಯಲ್ಲಿ ಇದನ್ನು ಹವ್ಯಾಸವಾಗಿ ಮಾಡಹೊರಡುವುದು ವಿವೇಕವಲ್ಲ.

ಎಷ್ಟು ಉಂಡೆ ಬೇಕು? ಒಬ್ಬರಿಗೆ ಮೂರರಂತೆ ಲೆಕ್ಕ ಹಿಡಿಯುವುದು ಅಲ್ಲಿಯ ಸಾಮಾನ್ಯ ಕ್ರಮ. ಕೆಳಗಿನ ಸುತ್ತಿನಲ್ಲಿ 12 ಉಂಡೆಗಳನ್ನಿಟ್ಟು, ಪ್ರತಿ ಸುತ್ತಿಗೂ ಒಂದೊಂದನ್ನು ಕಡಮೆ ಮಾಡುತ್ತ ತುದಿಗೆ ಒಂದಕ್ಕೆ ಬಂದರೆ, ಒಟ್ಟು 78 ಆಗುತ್ತವೆ. ಇಪ್ಪತ್ತೈದು ಮಂದಿಗೆ 75 ಸಾಕು, ಮೂರು ಉಳಿಯುತ್ತವೆ. ನೂರು ಮಂದಿಗೆ 300 ಬೇಕು. ಕೆಳಗಿನ ಸುತ್ತಿಗೆ 24 ಇಟ್ಟು ಇದೇ ಕ್ರಮದಲ್ಲಿ ಮೇಲೇರಿದರೆ ಸರಿಯಾಗಿ 300 ಬರುತ್ತವೆ. ಶಾಲೆಯ ಮಕ್ಕಳಿಗೂ ಒಳ್ಳೆಯ ಲೆಕ್ಕ ಇದು. ಆದರೆ ಲೆಕ್ಕ ಸರಿಯಾದ ಮಾತ್ರಕ್ಕೆ ಗೋಪುರ ನಿಲ್ಲಬೇಕಲ್ಲ! ಕೆನೆ ತುಂಬಿದ ಉಂಡೆಯೊಂದು 25 ಗ್ರಾಂ ತೂಗಿದರೂ ಮುನ್ನೂರಕ್ಕೆ ಏಳೂವರೆ ಕಿಲೊ ಆಯಿತು. ಅಷ್ಟು ಭಾರವೂ ಪಾಕದ ಅಂಟಿನ ಮೇಲೆಯೇ ನಿಂತಿರಬೇಕು. ಆದಕಾರಣ ಒಂದು ಮಹಾಗೋಪುರಕ್ಕಿಂತ ನಾಲ್ಕು ಸಣ್ಣ ಗೋಪುರಗಳು ಕ್ಷೇಮ, ಬಡಿಸುವುದಕ್ಕೂ ಅನುಕೂಲ.

ಈಗ ಮುಖ್ಯ ಸಂಗತಿಗೆ ಬರುತ್ತೇನೆ. ಮಳೆಗಾಲದಲ್ಲಿ ಡಬ್ಬಿಯೊಳಗಿನ ಬೆಲ್ಲ ನೀರೊಡೆಯುವುದನ್ನು ನೀವು ಕಂಡಿದ್ದೀರಿ. ಗಾಳಿಯ ತೇವವನ್ನು ಹೀರುವುದು ಸಕ್ಕರೆಯ ಸ್ವಭಾವ. ಗಾಜಿನಂತೆ ಗಟ್ಟಿಯಾದ ಕ್ಯಾರಮೆಲ್ ಇನ್ನೂ ಬೇಗ ಹೀರುತ್ತದೆ. ಒಣಹವೆಯ ದಿನ ಕೆಲವು ಗಂಟೆಗಳ ಕಾಲ ಅದು ಗಟ್ಟಿಯಾಗಿರುತ್ತದೆ. ತೇವದ ದಿನ ಅದಕ್ಕಿಂತ ಬಹಳ ಬೇಗ ಬೆವರಿ, ಜಿಗುಟಾಗಿ, ಮೃದುವಾಗುತ್ತದೆ. ಗಾರೆಯೇ ಕರಗಿದ ಮೇಲೆ ಗೋಪುರ ವಾಲದೆ ಇದ್ದೀತೆ? ಹೊರಗಿನಿಂದ ಈ ಕಾಟವಾದರೆ ಒಳಗಿನಿಂದ ಇನ್ನೊಂದು: ಕೆನೆಯ ತೇವ ಉಬ್ಬುಂಡೆಯ ಗೋಡೆಗೆ ಇಳಿದು ಅದನ್ನು ಮೆತ್ತಗೆ ಮಾಡುತ್ತದೆ.

ಹಾಗಾದರೆ ರೆಫ್ರಿಜರೇಟರಿನಲ್ಲಿ ಇಟ್ಟರಾಗದೇ ಎಂದು ಕೇಳಬಹುದು. ಕೆನೆಗೆ ಅದು ಹಿತ, ಪಾಕಕ್ಕೆ ಅಹಿತ. ಒಳಗಿನ ತೇವವೂ ಹೊರಗೆ ತೆಗೆದಾಗ ಮೈಮೇಲೆ ಕೂಡುವ ಹನಿಗಳೂ ಸೇರಿ ಪಾಕವನ್ನು ಕರಗಿಸಿಬಿಡುತ್ತವೆ. ಹೊರಗೆ ಬೆಚ್ಚನೆಯ ಕೋಣೆಯಲ್ಲಿ ಬಹಳ ಹೊತ್ತು ಇಟ್ಟರೆ ಹಾಲೂ ಮೊಟ್ಟೆಯೂ ಸೇರಿದ ಕೆನೆಯಲ್ಲಿ ರೋಗಾಣುಗಳು ಬೆಳೆಯುತ್ತವೆ. ಮದುವೆಗೆ ಬಂದವರು ಮರುದಿನ ವೈದ್ಯರ ಮನೆಗೆ ಹೋಗುವಂತಾಗುತ್ತದೆ. ಕೆನೆ ಬೇಡುವುದು ತಂಪನ್ನು, ಪಾಕ ಬೇಡುವುದು ಒಣಹವೆಯನ್ನು. ಎರಡನ್ನೂ ಒಟ್ಟಿಗೆ ಮೆಚ್ಚಿಸುವ ದಾರಿ ಒಂದೇ: ತಡಮಾಡದಿರುವುದು. ಉಂಡೆಗಳನ್ನು ಹಿಂದಿನ ದಿನವೇ ಬೇಯಿಸಿ ಒಣಗಿಸಿಡಬಹುದು. ಕೆನೆಯನ್ನೂ ಹಿಂದಿನ ದಿನ ಮಾಡಿ ತಂಪಿನಲ್ಲಿಡಬಹುದು. ತುಂಬುವುದನ್ನೂ ಕಟ್ಟುವುದನ್ನೂ ಮಾತ್ರ ಅದೇ ದಿನ, ಬಡಿಸುವ ಹೊತ್ತಿಗೆ ಎಷ್ಟು ಹತ್ತಿರವಾದರೆ ಅಷ್ಟು ಹತ್ತಿರದಲ್ಲಿ, ಸಾಧ್ಯವಾದರೆ ಬಡಿಸುವ ಸ್ಥಳದಲ್ಲಿಯೇ ಮಾಡಬೇಕು. ಇಂದಿನ ಕುಶಲರು ತೇವದ ದಿನಗಳಲ್ಲಿ ಸಕ್ಕರೆಯ ಬದಲು ಐಸೊಮಾಲ್ಟ್ ಎಂಬ, ತೇವವನ್ನು ಅಷ್ಟಾಗಿ ಹೀರದ ವಸ್ತುವನ್ನು ಬಳಸುವುದೂ ಉಂಟು. ಇದರಿಂದ ಗೋಪುರ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತದೆ. ಆದರೆ ಕಂದಿದ ಸಕ್ಕರೆಯ ಆ ಸವಿಗಹಿ ರುಚಿ ಅದಕ್ಕೆ ಬರುವುದಿಲ್ಲ. ಒಳಗಿನ ಕೆನೆಯ ತೇವಕ್ಕಂತೂ ಅದು ಮದ್ದಲ್ಲ.

ಇಂಗ್ಲಿಷರ ಕೇಕಿನ ಸ್ವಭಾವ ಇದಕ್ಕೆ ತೀರ ವಿರುದ್ಧ. ಒಣಗಿದ ಹಣ್ಣುಗಳೂ ಸಕ್ಕರೆಯೂ ಹೇರಳವಾಗಿ ಸೇರಿ, ಬ್ರಾಂದಿಯಲ್ಲಿ ನೆನೆದು, ಮೇಲೆ ಸಕ್ಕರೆಯ ಕವಚ ತೊಟ್ಟ ಆ ಕೇಕು ತಿಂಗಳುಗಟ್ಟಲೆ ಕೆಡುವುದಿಲ್ಲ. ಮೇಲಿನ ಅಂತಸ್ತನ್ನು ಮೊದಲ ಮಗುವಿನ ನಾಮಕರಣದವರೆಗೆ ಎತ್ತಿಡುವುದು ಅವರ ಹಳೆಯ ಸಂಪ್ರದಾಯ. ವಿಕ್ಟೋರಿಯಾ ರಾಣಿಯ ವಿವಾಹ ನಡೆದದ್ದು 1840ರಲ್ಲಿ. ಆ ವಿವಾಹದ ಕೇಕಿನ ತುಂಡೊಂದು 2016ರಲ್ಲಿ ಲಂಡನ್ನಿನಲ್ಲಿ ಹರಾಜಾಯಿತೆಂದರೆ ನಂಬುವಿರಾ? ನೂರೆಪ್ಪತ್ತಾರು ವರ್ಷ ಬಾಳಿದ ಕೇಕು ಒಂದು ಕಡೆ. ಬೆಳಗಾಗುವವರೆಗೆ ಬಾಳದ ಗೋಪುರ ಇನ್ನೊಂದು ಕಡೆ. ಎತ್ತಿಡುವ ಭಕ್ಷ್ಯ ಅದು, ಹಂಚಿ ಮುಗಿಸುವ ಭಕ್ಷ್ಯ ಇದು. ಬರಲಾಗದ ಬಂಧುಗಳಿಗೆ ಅದನ್ನು ಪೊಟ್ಟಣ ಕಟ್ಟಿ ಕಳುಹಿಸಬಹುದು. ಇದರ ಸವಿ ಬಂದವರಿಗಷ್ಟೇ. ಯಾವುದು ಮೇಲು ಎಂಬ ವಾದ ಬೇಡ. ನಿಮ್ಮ ಮನೆಯ ಸಂದರ್ಭಕ್ಕೆ ಯಾವುದು ಹೊಂದುವುದೆಂಬುದೇ ಪ್ರಶ್ನೆ.

ಫ್ರಾನ್ಸಿನಲ್ಲಿ ಮದುವೆಯ ಕ್ರಮವೂ ಇದಕ್ಕೆ ಹೊಂದಿಕೊಂಡಿದೆ. ಅಲ್ಲಿಯ ಕಾಯಿದೆಯಂತೆ ಮೊದಲು ಪುರಭವನದಲ್ಲಿ ಅಧಿಕಾರಿಯ ಮುಂದೆ ವಿವಾಹವಾಗಬೇಕು; ಚರ್ಚಿನ ವಿಧಿ ಬೇಕೆಂಬವರಿಗೆ ಅದು ಅನಂತರ. ಆಮೇಲೆ ಪಾನೋಪಚಾರ, ಮಾತುಕತೆ, ರಾತ್ರಿ ಬಹಳ ಹೊತ್ತಿನವರೆಗೆ ನಡೆಯುವ ದೀರ್ಘವಾದ ಊಟ. ಎಲ್ಲರೂ ಕುಳಿತಿರುವಾಗಲೇ, ಎಷ್ಟೋ ವೇಳೆ ನಡುರಾತ್ರಿಯ ಸಮೀಪಕ್ಕೆ, ದೀಪಗಳನ್ನು ತಗ್ಗಿಸಿ, ಸುರುಸುರುಬತ್ತಿಯಂಥ ಕಿಡಿಬತ್ತಿಗಳನ್ನು ಹಚ್ಚಿ ಗೋಪುರವನ್ನು ಒಳಗೆ ತರುತ್ತಾರೆ. ಚಪ್ಪಾಳೆ ಮುಗಿಯುವಷ್ಟರಲ್ಲಿ ಒಡೆದು ಹಂಚಲು ತೊಡಗುತ್ತಾರೆ. ಚಾಕುವಿನಿಂದ ಕತ್ತರಿಸುವುದಕ್ಕಿಂತ ಇಕ್ಕಳದಿಂದ ಮೇಲಿನಿಂದ ಒಂದೊಂದಾಗಿ ಬಿಡಿಸುವುದು ಸುಲಭ. ಅಡಿಗೆಯ ಮನೆಯಿಂದ ಅತಿಥಿಯ ತಟ್ಟೆಗೆ ಬರುವ ದಾರಿ ಹೀಗೆ ಚಿಕ್ಕದಾಗಿದೆ. ಇಂದು ಆ ನಾಡಿನಲ್ಲಿಯೂ ಅಂತಸ್ತಿನ ಕೇಕನ್ನೋ, ಬಾದಾಮಿಯ ಹಿಟ್ಟಿನಿಂದ ಮಾಡಿದ ಮಕರೋಂ ಎಂಬ ಬಣ್ಣಬಣ್ಣದ ಬಿಲ್ಲೆಗಳ ಗೋಪುರವನ್ನೋ ಆರಿಸುವ ವಧೂವರರಿದ್ದಾರೆ. ಮಕರೋಂ ಗೋಪುರಕ್ಕೆ ಪಾಕದ ಗಾರೆ ಬೇಕಾಗಿಲ್ಲ; ಅಷ್ಟರಮಟ್ಟಿಗೆ ಅದರ ಚಿಂತೆ ಕಡಮೆ.

ಹೀಗಿರುವಲ್ಲಿ, ಗೋಪುರವನ್ನು ಇಡಿಸುವ ಮೊದಲು ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಿ. ಮದುವೆಯ ದಿನದ ಹವೆ ಒಣಗಿರುವುದೇ, ಅಥವಾ ಊಟದ ಮನೆಯಲ್ಲಿ ಹವೆಯನ್ನು ತಂಪಾಗಿಯೂ ಒಣಗಿಯೂ ಇಡುವ ಯಂತ್ರವಿದೆಯೇ? ಕಟ್ಟುವವರು ಸ್ಥಳಕ್ಕೆ ಬಂದು ಕಟ್ಟಿಕೊಡುವರೇ, ಅಥವಾ ಬೇರೆಡೆ ಕಟ್ಟಿ ವಾಹನದಲ್ಲಿ ತರುವರೇ? ತಂದಿಟ್ಟ ಮೇಲೆ ಭಾಷಣ, ಚಿತ್ರ ತೆಗೆಯುವುದು, ಉಡುಗೊರೆಯ ಸಾಲು ಇವುಗಳಿಗಾಗಿ ಅದು ಎಷ್ಟು ಹೊತ್ತು ಕಾದು ನಿಲ್ಲಬೇಕು? ಅತಿಥಿಗಳು ಒಟ್ಟಿಗೆ ಕುಳಿತು ಉಣ್ಣುವರೇ, ಅಥವಾ ಪಂಕ್ತಿಯ ಮೇಲೆ ಪಂಕ್ತಿಯಾಗಿ ಬರುತ್ತಿರುವರೇ? ಬೆಲೆಯನ್ನು ಕೇಳುವಾಗ, ನೀವು ಕೊಡುವುದು ಮೈದಾ, ಸಕ್ಕರೆ, ಬೆಣ್ಣೆಗಳ ಕ್ರಯಕ್ಕಿಂತ ಹೆಚ್ಚಾಗಿ ಕೈಕೆಲಸಕ್ಕೆ ಎಂಬುದನ್ನು ಮರೆಯಬೇಡಿ. ಒಂದೊಂದು ಉಂಡೆಯೂ ಹಿಂಡುವುದು, ತುಂಬುವುದು, ಅದ್ದುವುದು, ಅಂಟಿಸುವುದು ಎಂದು ನಾಲ್ಕು ಸಲ ಕೈ ದಾಟಿ ಬರುತ್ತದೆ; ಮುನ್ನೂರು ಉಂಡೆಗಳೆಂದರೆ ಸಾವಿರದ ಇನ್ನೂರು ಸಲ.

ಈ ಪ್ರಶ್ನೆಗಳ ಉತ್ತರ ಅನುಕೂಲವಾಗಿದ್ದರೆ ನಿಸ್ಸಂಕೋಚವಾಗಿ ಗೋಪುರವನ್ನೇ ಇಡಿಸಿ. ಅದರಷ್ಟು ಸಂಭ್ರಮ ಕೊಡುವ ಸಿಹಿ ಅಪರೂಪ. ಚೂರೂ ಉಳಿಯದೆ ಮುಗಿದುಹೋಗುವ ಗುಣವೂ ಅದಕ್ಕಿದೆ. ಜೂನ್, ಜುಲೈ ತಿಂಗಳ ಮಂಗಳೂರಿನಂಥ ತೇವದ ಊರಿನಲ್ಲಿ, ಬೆಳಗಿನಿಂದ ಸಂಜೆಯವರೆಗೆ ಬಂದುಹೋಗುವ ಸಾವಿರ ಜನರ ಮಧ್ಯೆ ಅದನ್ನು ನಿಲ್ಲಿಸುವ ಯೋಚನೆಯಿದ್ದರೆ ಮಾತ್ರ ಕೈಬಿಡುವುದು ಲೇಸು. ಅಂಥ ಮದುವೆಗೆ ಹಣ್ಣಿನ ಕೇಕಾಗಲಿ, ನಮ್ಮ ಲಾಡುವಾಗಲಿ ಸಾಕು; ಅವು ಎಷ್ಟು ಹೊತ್ತಾದರೂ ಕಾದಿರಬಲ್ಲವು. ಇಡಿಸುವುದಾದರೆ ಛಾಯಾಚಿತ್ರಗ್ರಾಹಕನಿಗೆ ಹತ್ತು ನಿಮಿಷಕ್ಕಿಂತ ಹೆಚ್ಚು ಕೊಡಬೇಡಿ. ಭಾಷಣಗಳನ್ನೆಲ್ಲ ಮೊದಲೇ ಮುಗಿಸಿ, ಇಕ್ಕಳ ಹಿಡಿದ ಇಬ್ಬರನ್ನು ಪಕ್ಕದಲ್ಲಿಯೇ ನಿಲ್ಲಿಸಿಕೊಳ್ಳಿ. ಕೊನೆಯ ಪಂಕ್ತಿಯ ಅಜ್ಜಿಯ ಬಾಯಲ್ಲಿಯೂ ಅದು ಕರುಮೆಂದರೆ ನಿಮ್ಮ ಆಯ್ಕೆ ಸರಿಯಾಯಿತೆಂದು ತಿಳಿಯಿರಿ.